ಸ್ಟೋರ್ಸಿನ ಮೇಲ್ ಡಬ್ಬಿ

ನನ್ನ ಹುದ್ದೆಯ ಹೆಸರು ಸಿಸ್ಟಂ ಅಡ್ಮಿನಿಸ್ಟ್ರೇಟರ್. ಕೇಳಿದವರಿಗೆ ಯಾರೋ ದೊಡ್ಡ ಅಧಿಕಾರಿ ಅನ್ನಿಸಬೇಕು, ಹಾಗಿದೆ ಹೆಸರು. ನಿಜಸಂಗತಿ ಏನೆಂದರೆ, ಮುಂಬಯಿಯ ಬೈಕುಲ್ಲಾದ ನಮ್ಮ ಹೆಡ್ಡಾಫೀಸಿನಲ್ಲಿ ಹಳೆಯ ಫೈಲು ತುಂಬಿಡುತ್ತಿದ್ದ ಒಂದು ಕೋಣೆಯನ್ನು ಗುಡಿಸಿ, ಸುಣ್ಣ ಹೊಡೆಸಿ, ಗೋಡೆಗೊಂದು ಏಸಿ ತಗುಲಿಸಿ, ಮೂಲೆಯಲ್ಲಿ ಒಂದು ಸರ್ವರನ್ನೂ ಅದರ ಪಕ್ಕದಲ್ಲಿ ನನ್ನನ್ನೂ ಕೂರಿಸಿದ್ದರು. ಸಾಹೇಬರ ಕೋಣೆ ಬಿಟ್ಟರೆ ಇಡೀ ಕಟ್ಟಡದಲ್ಲಿ ಏಸಿ ಇದ್ದದ್ದು ಅಲ್ಲೊಂದೇ. ಹಾಗಾಗಿ ಏಪ್ರಿಲ್, ಮೇ ಬಂತೆಂದರೆ ಎಲ್ಲರ ಪಿಸಿಗೂ ಏನಾದರೊಂದು ಕಾಯಿಲೆ ಶುರುವಾಗುತ್ತಿತ್ತು. ಬಂದು, ಎದುರಿಗೆ ಕುರ್ಚಿ ಎಳೆದುಕೊಂಡು, ಕಾಲರು ಸಡಿಲಿಸಿ ಕೂತರೆ ಏಳುವ ಮಾತೇ ಇಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎಷ್ಟೋ ಜನರನ್ನು ಬೈದು ಎಬ್ಬಿಸಿ ಕಳಿಸಿದ್ದೇನೆ.

ಕಂಪನಿ ಪಂಪು, ವಾಲ್ವುಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆ ಇದ್ದದ್ದು ಘಾಟ್ಕೋಪರಿನಲ್ಲಿ. ಎಂಬತ್ತೊಂಬತ್ತರಲ್ಲಿ ಸಾಹೇಬರು ಎಲ್ಲಿಯೋ ನೋಡಿಕೊಂಡು ಬಂದು, ನಮ್ಮಲ್ಲೂ ಕಂಪ್ಯೂಟರಿನ ಮೇಲೇ ಪತ್ರವ್ಯವಹಾರ ಆಗಬೇಕು ಎಂದು ಹಟ ಹಿಡಿದರು. ಬೈಕುಲ್ಲಾದಲ್ಲಿ ಒಂದು ಸರ್ವರ್, ಘಾಟ್ಕೋಪರಿನಲ್ಲಿ ಇನ್ನೊಂದು. ಎರಡೂ ಒಂದೊಂದು ಪೋಸ್ಟಾಫೀಸು ಅಂದುಕೊಳ್ಳಿ. ಒಬ್ಬೊಬ್ಬರಿಗೂ ಅದರೊಳಗೆ ಒಂದೊಂದು ಡಬ್ಬಿ. ದಿನಕ್ಕೆ ಮೂರು ಸಲ ಇಲ್ಲಿನ ಮೋಡೆಮ್ ಅಲ್ಲಿಗೆ ಫೋನು ಮಾಡಿ, ಕಿರಿಚಿ, ಕೆಮ್ಮಿ, ಈ ಕಡೆಯ ಕಾಗದಗಳನ್ನು ಆ ಕಡೆಗೆ, ಆ ಕಡೆಯದ್ದನ್ನು ಈ ಕಡೆಗೆ ದಾಟಿಸುತ್ತಿತ್ತು. ಮಳೆಗಾಲದಲ್ಲಿ ಲೈನು ಕೆಟ್ಟು ಎರಡು ದಿನ ದಾಟಿಸದೆಯೂ ಇರುತ್ತಿತ್ತು.

ನಮ್ಮ ಜನ ಅದನ್ನು ಬಳಸಿದ ಚೆಂದವನ್ನು ಹೇಳಬೇಕು. ಮ್ಯಾನೇಜರುಗಳು ಸ್ವತಃ ಮೇಲ್ ಓದಿದ್ದನ್ನು ನಾನು ಕಂಡಿಲ್ಲ. ಸ್ಟೆನೋ ಪ್ರಿಂಟ್ ತೆಗೆದು ಮೇಜಿನ ಮೇಲಿಡಬೇಕು, ಅವರು ಅದರ ಅಂಚಿನಲ್ಲಿ ಪೆನ್ನಿನಿಂದ ಉತ್ತರ ಗೀಚಬೇಕು, ಅವಳು ಅದನ್ನು ಟೈಪು ಮಾಡಿ ಕಳಿಸಬೇಕು. ಪರ್ಚೇಸ್ ವಿಭಾಗದ ಒಬ್ಬರಂತೂ ಮೇಲ್ ಕಳಿಸಿದ ಮೇಲೆ ಅದರದ್ದೇ ಪ್ರಿಂಟನ್ನು ಡಿಸ್ಪ್ಯಾಚ್ ಬುಕ್ಕಿನ ಜತೆ ಪ್ಯೂನಿನ ಕೈಲಿ ಕೊಟ್ಟು, "ಮುಟ್ಟಿದೆ" ಅಂತ ಸಹಿ ಹಾಕಿಸಿಕೊಂಡು ಬರಲು ಹೇಳುತ್ತಿದ್ದರು. ಸಹಿ ಬಂದ ಮೇಲೆ ಫೋನು ಮಾಡಿ ಕೇಳುವುದು ಬೇರೆ, ಮೇಲ್ ಬಂತಾ ಅಂತ.

ನನ್ನದೂ ಒಂದು ನೇಮವಿತ್ತು. ಅಡ್ಮಿನಿಸ್ಟ್ರೇಟರ್ ಆದವಳಿಗೆ ಯಾರ ಡಬ್ಬಿಯನ್ನು ಬೇಕಾದರೂ ತೆರೆಯುವ ಅಧಿಕಾರ ಇರುತ್ತದೆ. ನಾನು ಒಂದು ದಿನವೂ ತೆರೆಯಲಿಲ್ಲ. ಯಾರ ಡಬ್ಬಿಯಲ್ಲಿ ಎಷ್ಟು ಕಾಗದ ಇದೆ ಅನ್ನುವ ಲೆಕ್ಕ ಮಾತ್ರ ನೋಡುತ್ತಿದ್ದೆ. ಸಾಹೇಬರೇ ಒಮ್ಮೆ ಬಾಗಿಲು ಸರಿಸಿಕೊಂಡು ಬಂದು, ಯೂನಿಯನ್ನಿನವರು ಪರಸ್ಪರ ಏನು ಬರೆದುಕೊಳ್ಳುತ್ತಿದ್ದಾರೆ ಸ್ವಲ್ಪ ನೋಡಮ್ಮ ಅಂದಾಗ, "ಸರ್, ಪೋಸ್ಟ್‌ಮನ್ ಕಾಗದ ಒಡೆದು ಓದಿದ್ರೆ ನೀವು ಸುಮ್ನಿರ್ತೀರಾ?" ಎಂದು ಕೇಳಿಬಿಟ್ಟಿದ್ದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಹೋದರು. ಆ ದಿನ ಸಂಜೆ ವಡಾಲದ ಮನೆಗೆ ಹೋದದ್ದು ಎದೆ ಉಬ್ಬಿಸಿಕೊಂಡೇ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಘಾಟ್ಕೋಪರಿನ ಡಬ್ಬಿಗಳಲ್ಲಿ ಒಂದು ನಮ್ಮಪ್ಪನದು.

ಅಪ್ಪ ಅಲ್ಲಿ ಸ್ಟೋರ್‌ಕೀಪರ್. ಮೈಸೂರಿನಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಬಂದವನು, ಬಂದ ವರ್ಷ ಸೇರಿದ ಕಂಪನಿಯನ್ನು ಬಿಡಲೇ ಇಲ್ಲ. ನನಗೆ ಇಲ್ಲಿ ಕೆಲಸ ಸಿಕ್ಕಿದ್ದೂ ಅವನ ಮಗಳು ಅಂತಲೇ. ಆದರೆ ಮೇಲ್ ಬರುವುದಕ್ಕೆ ಒಂದು ವರ್ಷ ಮುಂಚೆ ನಾನು ಒಬ್ಬ ಮರಾಠಿ ಮೇಷ್ಟರನ್ನು ಮದುವೆಯಾಗುತ್ತೇನೆ ಅಂದೆ. ಮುನಿಸಿಪಾಲಿಟಿ ಶಾಲೆಯ ಮೇಷ್ಟರು, ಮನೆಯಲ್ಲಿ ಮೀನು ಬೇಯಿಸುವ ಜನ. ಅಪ್ಪನಿಗೆ ತಡೆಯಲಾಗಲಿಲ್ಲ. "ಈ ಹೊಸ್ತಿಲು ದಾಟಿದ್ರೆ ನನಗೂ ನಿನಗೂ ಮಾತಿಲ್ಲ" ಅಂದ. ನಾನು ಬಾಯಿ ಮುಚ್ಚಿಕೊಂಡು ದಾಟಿದ್ದರೆ ಆಗುತ್ತಿತ್ತು. ಚಪ್ಪಲಿ ಮೆಟ್ಟುತ್ತಾ, "ನೀನು ಸತ್ತೆ ಅಂತ ಹೇಳಿ ಕಳಿಸಿದ್ರೂ ಬರಲ್ಲ" ಅಂದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಆ ಮಾತನ್ನು ನೆನೆದರೆ ಇವತ್ತಿಗೂ ನನ್ನ ನಾಲಿಗೆಯ ಮೇಲೆ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಹಟದಲ್ಲಿ ನಾನು ಅವನ ಮಗಳೇ. ಅವನು ಮಾತು ಬಿಟ್ಟ, ನಾನೂ ಬಿಟ್ಟೆ.

ಅಮ್ಮ ತಿಂಗಳಿಗೆ ಎರಡು ಸಲ ಬಾಳೆಲೆ, ವೀಳ್ಯದೆಲೆ ಅಂತ ನೆಪ ಹೂಡಿ ಮಾಟುಂಗಾ ಮಾರ್ಕೆಟ್ಟಿಗೆ ಬರುತ್ತಿದ್ದಳು. ನಾನು ವಡಾಲದಿಂದ ನಡೆದುಕೊಂಡು ಹೋಗಿ ಸೇರಿಕೊಳ್ಳುತ್ತಿದ್ದೆ. ಹುಳಿಪುಡಿ, ಚಟ್ನಿಪುಡಿ ನನ್ನ ಚೀಲಕ್ಕೆ ಬೀಳುತ್ತಿತ್ತು. ಅಪ್ಪನ ವಿಷಯ ತೆಗೆದರೆ ಮಾತ್ರ ರೇಗಿಬಿಡುತ್ತಿದ್ದಳು. "ನೋಡು, ನಾನು ನಿಮ್ಮಿಬ್ಬರ ಮಧ್ಯೆ ಟಪಾಲು ಹೊರೋಳಲ್ಲ. ಅವರೂ ಕೇಳ್ತಾರೆ, ನೀನೂ ಕೇಳ್ತೀಯ. ಬಾಯಿದೆಯಲ್ಲ ಇಬ್ಬರಿಗೂ?"

ಮಾತು ಬಿಟ್ಟವನು ಮೇಲ್ ಬಂದ ಮೇಲೆ ಬರೆಯಲು ಶುರುಮಾಡಿದ. ನನಗಲ್ಲ ಮತ್ತೆ, ಸಿಸ್ಟಂ ಅಡ್ಮಿನಿಸ್ಟ್ರೇಟರಿಗೆ. ಯಂತ್ರಕ್ಕೆ ಬೇರೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷಿನಲ್ಲಿ, ಅದೂ ನಲವತ್ತು ವರ್ಷ ಹಿಂದಿನ ಕಚೇರಿ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದರೆ ಹೀಗಿರುತ್ತದೆ: "ಮಾನ್ಯರೇ, ಸ್ಟೋರ್ಸಿನ ಪರದೆಯು ಮಂಕಾಗಿ ಕಾಣುತ್ತಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ." ಬೈಕುಲ್ಲಾದಿಂದ ಸ್ಲೋ ಲೋಕಲ್ ಹಿಡಿದು ಘಾಟ್ಕೋಪರಿಗೆ ಹೋಗುತ್ತಿದ್ದೆ. ನಾನು ಸ್ಟೋರ್ಸಿನೊಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಹಿಂದಿನ ಗೋಡೌನಿನಲ್ಲಿ ಏನೋ ಎಣಿಸುವ ಕೆಲಸ ಬಂದುಬಿಡುತ್ತಿತ್ತು. ಪರದೆ ಫಳಫಳ ಹೊಳೆಯುತ್ತಿರುತ್ತಿತ್ತು. ಗುಂಡಿ ತಿರುಗಿಸಿದಂತೆ ಮಾಡಿ ವಾಪಸು ಬಂದು ನಾನೂ ಉತ್ತರ ಬರೆಯುತ್ತಿದ್ದೆ: "ದೂರನ್ನು ಪರಿಶೀಲಿಸಲಾಗಿದೆ. ದಯವಿಟ್ಟು ಖಚಿತಪಡಿಸಿ." ಖಚಿತಪಡಿಸುತ್ತಿದ್ದ, ವಂದನೆಗಳೊಂದಿಗೆ.

ಜುಲೈನಲ್ಲಿ ಮಳೆ ಹಿಡಿದು, ಹಳಿ ಮುಳುಗಿ, ಲೋಕಲ್‌ಗಳು ನಿಂತ ದಿನ ಬೆಳಿಗ್ಗೆ ಹನ್ನೊಂದಕ್ಕೆ ತಪ್ಪದೆ ಅವನ ಮೇಲ್ ಬರುತ್ತಿತ್ತು: "ಹೆಡ್ಡಾಫೀಸಿನ ಸಿಸ್ಟಂ ಚಾಲನೆಯಲ್ಲಿದೆಯೇ ಎಂದು ತಿಳಿಸಬೇಕು." ನಾನು ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದು, ಒದ್ದೆ ಸೀರೆಯಲ್ಲಿ ಏಸಿ ಕೋಣೆಯೊಳಗೆ ನಡುಗುತ್ತಾ ಕೂತಿರುತ್ತಿದ್ದೆ. "ಸಿಸ್ಟಂ ಚಾಲನೆಯಲ್ಲಿದೆ" ಎಂದು ಒತ್ತಿ ಕಳಿಸುತ್ತಿದ್ದೆ. ಅವನು ಕೇಳುತ್ತಿದ್ದದ್ದು ಸಿಸ್ಟಮ್ಮಿನ ವಿಷಯ ಅಲ್ಲ ಅಂತ ಗೊತ್ತಾಗದಷ್ಟು ಪೆದ್ದಿಯೇನಲ್ಲ ನಾನು. ಆದರೆ ಕೇಳುವುದನ್ನು ನೆಟ್ಟಗೆ ಕೇಳಲಿ, ಹೇಳುತ್ತೇನೆ, ಅನ್ನುವ ಜಂಬ ನನಗೆ. ಹೀಗೆ ಎರಡೂವರೆ ವರ್ಷ ಕಳೆಯಿತು.

ತೊಂಬತ್ತೊಂದರಲ್ಲಿ ಮೇಲ್‌ನ ಹೊಸ ಆವೃತ್ತಿ ಬಂತು. ಎರಡೂ ಸರ್ವರ್‌ಗಳಿಗೆ ಅದನ್ನು ಹಾಕುವುದು, ಹಳೆಯ ಡಬ್ಬಿಗಳಲ್ಲಿದ್ದ ಕಾಗದಗಳನ್ನೆಲ್ಲ ಹೊಸ ಡಬ್ಬಿಗಳಿಗೆ ಸುರಿಯುವುದು ನನ್ನ ಕೆಲಸ. ಸಾಹೇಬರು ಮುಹೂರ್ತ ಇಟ್ಟದ್ದು ಮಹಾನವಮಿಗೆ. ಆ ದಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ, ಮಧ್ಯಾಹ್ನದ ಮೇಲೆ ಯಾವುದೂ ಓಡುವುದಿಲ್ಲ. ಯಾರೂ ಮೇಲ್ ಕೇಳುವುದಿಲ್ಲ, ಆರಾಮಾಗಿ ಮಾಡು ಅಂದರು. ಬೈಕುಲ್ಲಾದ್ದನ್ನು ಹಿಂದಿನ ಭಾನುವಾರವೇ ಮುಗಿಸಿದ್ದೆ. ಉಳಿದದ್ದು ಘಾಟ್ಕೋಪರ್.

ಹೊಸ ಪ್ರೋಗ್ರಾಮಿಗೆ ಒಂದು ದುರಭ್ಯಾಸವಿತ್ತು. ಯಾವುದಾದರೂ ಹಳೆಯ ಡಬ್ಬಿಯಲ್ಲಿ ಮುನ್ನೂರಕ್ಕಿಂತ ಹೆಚ್ಚು ಕಾಗದಗಳಿದ್ದರೆ ಅದರ ಗಂಟಲಲ್ಲಿ ಸಿಕ್ಕಿಕೊಂಡು ಇಡೀ ಕೆಲಸ ನಿಂತುಬಿಡುತ್ತಿತ್ತು. ಬೇಡದ್ದನ್ನು ಅಳಿಸಿ ಅಂತ ಎಲ್ಲರಿಗೂ ಸುತ್ತೋಲೆ ಕಳಿಸಿದೆ. ಎಲ್ಲರೂ ಅಳಿಸಿದರು, ಒಬ್ಬರನ್ನು ಬಿಟ್ಟು. ಸ್ಟೋರ್ಸಿನ ಡಬ್ಬಿಯಲ್ಲಿ ನಾನೂರು ದಾಟಿತ್ತು. ಎರಡನೆಯ ಸುತ್ತೋಲೆ ಹೋಯಿತು. ಮೂರನೆಯದನ್ನು ಅವನೊಬ್ಬನಿಗೇ ಕಳಿಸಿದೆ. ಉತ್ತರ ಬಂತು: "ಎಲ್ಲವೂ ಮುಖ್ಯವಾದ ಕಾಗದಪತ್ರಗಳಾಗಿದ್ದು ನಾಶಪಡಿಸಲು ಬರುವುದಿಲ್ಲ." ಓದಿ ನನ್ನ ಮೈ ಉರಿದುಹೋಯಿತು. ನಟ್ಟು ಬೋಲ್ಟಿನ ಕಾಗದಗಳು, ಅದರಲ್ಲಿ ನಾಶಪಡಿಸಲು ಬಾರದಿರುವುದು ಏನಿದೆ? ಹಟ ಸಾಧಿಸುತ್ತಿದ್ದಾನೆ, ನಾನು ಹೇಳಿದೆ ಅಂತಲೇ ಅಳಿಸುತ್ತಿಲ್ಲ ಅಂದುಕೊಂಡೆ.

ಸಾಹೇಬರಿಗೆ ಹೇಳಿದರೆ, "ಅವರು ಡಿಸೆಂಬರಿಗೆ ರಿಟೈರ್ ಆಗೋರು. ಆಮೇಲೆ ಆ ಅಕೌಂಟನ್ನ ನೀನೇ ಮುಚ್ಚಬೇಕಲ್ಲ. ಈಗಲೇ ಖಾಲಿ ಮಾಡಿದರೆ ಏನು ಗಂಟು ಹೋಗುತ್ತೆ?" ಅಂದುಬಿಟ್ಟರು.

ಡಿಸೆಂಬರಿನ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಅವರ ಬಾಯಲ್ಲಿ ಕೇಳಿದ ಮೇಲೆ ಲೆಕ್ಕ ಹಾಕಿದೆ. ಇನ್ನು ಮೂರೇ ತಿಂಗಳು. ಆಮೇಲೆ ಮಂಕು ಪರದೆಯೂ ಇಲ್ಲ, ವಂದನೆಗಳೂ ಇಲ್ಲ. ಆ ಡಬ್ಬಿಗೆ ಬೀಗ ಹಾಕಬೇಕಾದವಳು ನಾನು. ಹಾಕಿದ ಮೇಲೆ ಅಪ್ಪನಿಂದ ನನಗಾಗಲಿ, ನನ್ನಿಂದ ಅಪ್ಪನಿಗಾಗಲಿ ಒಂದು ಅಕ್ಷರ ದಾಟಲು ಇಡೀ ಮುಂಬಯಿಯಲ್ಲಿ ದಾರಿಯಿರಲಿಲ್ಲ. ಅವನೇ ಮೊದಲು ಮಾತಾಡಲಿ ಅಂತ ನಾನು, ನಾನೇ ಮೊದಲು ಮಾತಾಡಲಿ ಅಂತ ಅವನು.

ಫೋನೆತ್ತಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಅಳಿಸಲಾ ಅಂತ. ಅದನ್ನು ಬಿಟ್ಟು ಒಂದು ಉಪಾಯ ಹೂಡಿದೆ. ಮೊದಲು ಇಡೀ ಸರ್ವರನ್ನು ಟೇಪಿಗೆ ಕಾಪಿ ಮಾಡಿಕೊಳ್ಳುವುದು. ಆಮೇಲೆ ಅಪ್ಪನ ಡಬ್ಬಿಯನ್ನು ಖಾಲಿ ಮಾಡಿ ಹೊಸ ಪ್ರೋಗ್ರಾಂ ಹಾಕುವುದು. ಎಲ್ಲ ಮುಗಿದ ಮೇಲೆ ಟೇಪಿನಿಂದ ಅವನ ಕಾಗದಗಳನ್ನು ನೂರು ನೂರರಂತೆ ತಂದು ಹೊಸ ಡಬ್ಬಿಯಲ್ಲಿ ಜೋಡಿಸಿಡುವುದು. ದಶಮಿ ಕಳೆದು ಬಂದು ನೋಡಿದರೆ ಎಲ್ಲವೂ ಇದ್ದ ಹಾಗೇ ಇರುತ್ತದೆ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ನವಮಿಯ ಬೆಳಿಗ್ಗೆ ವಡಾಲದಲ್ಲಿ ಹಾರ್ಬರ್ ಲೈನ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ ಎಂಟೂವರೆಗೆಲ್ಲ ಕಾರ್ಖಾನೆಯಲ್ಲಿದ್ದೆ. ಗಾಡಿಯ ಮೂತಿಗೂ ಚೆಂಡುಹೂವಿನ ಹಾರ, ಪ್ಲಾಟ್‌ಫಾರ್ಮಿನ ತುಂಬ ಚೆಂಡುಹೂವಿನ ಬುಟ್ಟಿಗಳು. ಸರ್ವರ್ ಇದ್ದದ್ದು ಸ್ಟೋರ್ಸಿನ ಪಕ್ಕದ ಪುಟ್ಟ ಕೋಣೆಯಲ್ಲಿ. ಘಾಟ್ಕೋಪರಿಗೆ ಅಂತ ಇದ್ದದ್ದೇ ಎರಡು ಟೇಪು, ಕ್ಯಾಸೆಟ್ಟಿಗಿಂತ ಸ್ವಲ್ಪ ದಪ್ಪನೆಯವು. ವಾರ ವಾರ ಅದಲುಬದಲು ಮಾಡಿ ಹಳೆಯದರ ಮೇಲೇ ಹೊಸದನ್ನು ಬರೆಯುತ್ತಿದ್ದೆ. ಆ ದಿನ ಎಚ್ಚರಿಕೆ ಜಾಸ್ತಿಯಾಗಿ ಎರಡಕ್ಕೂ ಕಾಪಿ ಮಾಡಿದೆ. ಮುಗಿಯುವಾಗ ಹನ್ನೆರಡು ಹೊಡೆಯುತ್ತಿತ್ತು. ಹೊರಗೆ ಜಾಗಟೆ ಕೇಳಿಸಿತು.

ಕಾರ್ಖಾನೆಯ ಮರಾಠಿ ಕೆಲಸಗಾರರು ಅದನ್ನು ಖಂಡೇನವಮಿ ಅನ್ನುತ್ತಾರೆ. ಲೇತು, ಡ್ರಿಲ್ಲುಗಳನ್ನು ಒರೆಸಿ, ಹಾರ ಹಾಕಿ, ಎಲ್ಲರಿಗಿಂತ ಹಿರಿಯ ಅಂತ ಪೂಜೆಗೆ ಅಪ್ಪನನ್ನೇ ಮುಂದೆ ಬಿಡುತ್ತಿದ್ದರು. ಅವನೋ ಮೈಸೂರು ಪದ್ಧತಿ ಬಿಡುವವನಲ್ಲ. ಬೂದುಗುಂಬಳ ಒಡೆಯಬೇಕು, ನಿಂಬೆಹಣ್ಣು ಹಿಚುಕಬೇಕು, ತಕ್ಕಡಿಯಿಂದ ಹಿಡಿದು ಟೈಪ್‌ರೈಟರಿನ ತನಕ ಒಂದೊಂದಕ್ಕೂ ಗಂಧ, ಕುಂಕುಮ, ಅಕ್ಷತೆ ಬೀಳಬೇಕು. ಪಂಚೆ ಉಟ್ಟು ಹರಿವಾಣ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಹಿಂದೆ ಹತ್ತು ಜನ. ಮೂರು ವರ್ಷದಲ್ಲಿ ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಹುಬ್ಬು ಕೂಡ ನರೆತಿತ್ತು.

ಅಪ್ಪ ನನ್ನನ್ನು ನೋಡದೆ ಹಿಂದಿದ್ದ ಫೋರ್‌ಮನ್ನಿಗೆ ಕೇಳಿದ. "ಇಧರ್ ಪೂಜಾ ಚಲೇಗಾ ಕ್ಯಾ, ಪೂಛೋ." ಇಲ್ಲಿ ಪೂಜೆ ಮಾಡಿದರೆ ನಡೆಯುತ್ತದಾ ಕೇಳು ಅಂತ.

ನಾನೂ ಫೋರ್‌ಮನ್ನಿಗೇ ಉತ್ತರ ಕೊಟ್ಟೆ, ಚಲೇಗಾ, ಆದರೆ ಮಷೀನಿಗೆ ನೀರು ಚಿಮುಕಿಸಬಾರದು ಅಂತ. ಸರ್ವರ್ ಆಫ್ ಮಾಡಿ ಪ್ಲಾಸ್ಟಿಕ್ ಹೊದಿಸಿದೆ. ಅಷ್ಟಾದರೂ ಬುದ್ಧಿಯಿತ್ತು. ಆಮೇಲೆ ಬುದ್ಧಿ ಎಲ್ಲಿ ಹೋಯಿತೋ ಕಾಣೆ. ಚಿಕ್ಕವಳಿದ್ದಾಗ ಇದೇ ಅಪ್ಪ ಇದೇ ಹಬ್ಬದಲ್ಲಿ ಸರಸ್ವತಿಯ ಮುಂದೆ ನನ್ನ ಪುಸ್ತಕಗಳನ್ನು ಇಡಿಸುತ್ತಿದ್ದ. ಯಾವ ಪಾಠ ಕಷ್ಟವೋ ಆ ಪುಸ್ತಕವನ್ನು ಎಲ್ಲದರ ಮೇಲಿಡಬೇಕು. ಆ ಕ್ಷಣದಲ್ಲಿ ನನಗೆ ಕಷ್ಟವಾಗಿದ್ದ ಪಾಠ ಆ ಎರಡು ಟೇಪು. ಪೆಟ್ಟಿಗೆಯಿಂದ ತೆಗೆದು, ಮುಚ್ಚಿಟ್ಟು ಪೂಜೆ ಮಾಡಿಸುತ್ತಾರಾ ಯಾರಾದರೂ, ಬರಿಮೈಯಲ್ಲೇ ಅವನ್ನು ಹರಿವಾಣದ ಪಕ್ಕ ಇಟ್ಟೆ. ಅಪ್ಪ ಬಗ್ಗಿ ಅವಕ್ಕೆ ಗಂಧ ಹಚ್ಚಿದ, ಕುಂಕುಮ ಇಟ್ಟ, ಒದ್ದೆ ಹೂವು ಏರಿಸಿದ, ಉದ್ಧರಣೆಯಿಂದ ಎರಡು ಹನಿ ತೀರ್ಥ ಬಿಟ್ಟ. ನಾನು ಕೈ ಮುಗಿದುಕೊಂಡು ನಿಂತಿದ್ದೆ. ಎಲ್ಲ ಸುಸೂತ್ರವಾಗಿ ಆಗಲಿ ಎಂದು ಬೇಡಿಕೊಂಡೆ ಕೂಡ.

ಎಲ್ಲರೂ ಪ್ರಸಾದಕ್ಕೆ ಹೋದ ಮೇಲೆ ಸರ್ವರ್ ಹಚ್ಚಿದೆ. ಅಪ್ಪನ ಡಬ್ಬಿಯನ್ನು ಖಾಲಿ ಮಾಡಿದೆ. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಹೊಸ ಪ್ರೋಗ್ರಾಂ ಒಂದೊಂದೇ ಡಬ್ಬಿಯನ್ನು ನುಂಗುತ್ತಾ ಹೋಯಿತು. ಎಲ್ಲಿಯೂ ತಡೆಯಲಿಲ್ಲ. ಎರಡು ಗಂಟೆಗೆಲ್ಲ ಕಾರ್ಖಾನೆಯ ಅಷ್ಟೂ ಜನರ ಕಾಗದಗಳು ಹೊಸ ಮನೆಯಲ್ಲಿದ್ದವು. ಖುಷಿಯಿಂದ ಒಂದು ಟೇಪನ್ನು ಸೆರಗಿನಲ್ಲಿ ಒರೆಸಿ ಒಳಗೆ ತಳ್ಳಿದೆ.

ಕರ್ ಕರ್ ಎಂದಿತು. ನಿಂತಿತು. ಮತ್ತೆ ಕರ್ ಎಂದಿತು. ಎಳೆದು ತೆಗೆದು ನೋಡಿದರೆ ಅಂಚಿನ ಪುಟ್ಟ ಬಾಗಿಲಿನೊಳಗೆ ಕುಂಕುಮ ಇಳಿದು, ಗಂಧದ ನೀರಿನ ಜತೆ ಕಲಸಿಕೊಂಡು, ಟೇಪಿನ ಪಟ್ಟಿ ಪೂರ್ತಿ ಕೆಂಪಗೆ ಮೆತ್ತಿಕೊಂಡಿತ್ತು. ಎರಡನೆಯದನ್ನು ಬೆಳಕಿಗೆ ಹಿಡಿದೆ. ಅದಕ್ಕೆ ತೀರ್ಥವೂ ಜಾಸ್ತಿ ಬಿದ್ದಿತ್ತು. ಅಯ್ಯೋ ದೇವರೇ ಅಂದೆ, ಗಟ್ಟಿಯಾಗಿಯೇ. ಒಣ ಬಟ್ಟೆಯಿಂದ ಒರೆಸಿದೆ, ಊದಿದೆ, ಪೆನ್ಸಿಲ್ ತೂರಿಸಿ ಸುತ್ತಿದೆ. ಪಟ್ಟಿ ಹರಿದು ಕೈಗೆ ಬಂತು.

ಇಡೀ ಕಾರ್ಖಾನೆಯಲ್ಲಿ ಒಬ್ಬನೇ ಒಬ್ಬನ ಕಾಗದಗಳು ಹೋದದ್ದು. ಅಳಿಸಬೇಡ ಅಂತ ಬರವಣಿಗೆಯಲ್ಲಿ ಕೊಟ್ಟವನದೇ. ಮೇಜಿನ ಮೇಲೆ ತಲೆಯಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಮೇಲ್‌ನಲ್ಲಿ ತಿಳಿಸಿಬಿಡೋಣವೇ, "ತಾಂತ್ರಿಕ ಕಾರಣಗಳಿಂದ" ಅಂತ? ಬರೆಯಲು ಶುರುವನ್ನೂ ಮಾಡಿದೆ. ಅಲ್ಲಿಗೇ ನಿಲ್ಲಿಸಿದೆ. ಅವನ ಡಬ್ಬಿಯನ್ನು ಬರಿದು ಮಾಡಿ, ಅದೇ ಬರಿದಾದ ಡಬ್ಬಿಗೆ ಇದೊಂದನ್ನು ಹಾಕುವುದಾ? ಎದ್ದು ಸ್ಟೋರ್ಸಿಗೆ ಹೋದೆ.

ಅಪ್ಪ ಒಬ್ಬನೇ ಇದ್ದ. ಪಂಚೆ ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು ತಕ್ಕಡಿಯ ಕೆಳಗೆ ಬಿದ್ದಿದ್ದ ಅಕ್ಷತೆಯನ್ನು ಗುಡಿಸುತ್ತಿದ್ದ. ನನ್ನನ್ನು ಕಂಡು ಗೋಡೌನಿನ ಬಾಗಿಲ ಕಡೆ ನೋಡಿದ.

"ಅಪ್ಪಾ, ಹೋಗ್ಬೇಡ. ನಿಂತ್ಕೋ," ಅಂದೆ.

ಪೊರಕೆ ಹಿಡಿದುಕೊಂಡೇ ನಿಂತ.

"ನಿನ್ನ ಡಬ್ಬೀಲಿದ್ದ ಕಾಗದ ಎಲ್ಲ ಹೋಯ್ತು. ನಾನೇ ಅಳಿಸಿದ್ದು. ನಿನ್ನ ಕೇಳ್ಲಿಲ್ಲ. ಟೇಪಲ್ಲಿ ಇದೆ, ಆಮೇಲೆ ಹಾಕೋಣ ಅಂದ್ಕೊಂಡಿದ್ದೆ. ಟೇಪಿನೊಳಗೆ ಕುಂಕುಮ ಹೋಗಿ ಹಾಳಾಗಿದೆ. ತಟ್ಟೆ ಹತ್ರ ಇಟ್ಟೋಳೂ ನಾನೇ." ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅಪ್ಪ ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆ, ಬೈದರೆ ಸಾಕಪ್ಪ ಅಂತ ಕಾದೆ. "ಎಲ್ಲಾನೂ ಹೋಯ್ತಾ?" ಅಂದ. ಅಷ್ಟೇ. ಧ್ವನಿ ಎಷ್ಟು ಸಣ್ಣಗಿತ್ತೆಂದರೆ ನನಗೆ ಭಯವಾಯಿತು.

"ವಾಪಸ್ ತರಿಸ್ಬಹುದು ಅಪ್ಪ. ಕಳಿಸಿದವರ ಹತ್ರ ಒಂದೊಂದು ಕಾಪಿ ಉಳಿದಿರುತ್ತೆ. ಯಾರ್ಯಾರು ಬರೆದಿದ್ರು ಅಂತ ನೀನು ಹೇಳು, ಒಂದು ಲಿಸ್ಟ್ ಮಾಡ್ಕೋತೀನಿ. ಒಬ್ಬೊಬ್ಬರ ಹತ್ರಾನೂ ಹೋಗಿ ಕಾಲು ಹಿಡಿದಾದ್ರೂ ಮತ್ತೆ ತರಿಸ್ತೀನಿ." ಕೌಂಟರಿನ ಮೇಲಿದ್ದ ಚೀಟಿಯನ್ನೂ ಪೆನ್ನನ್ನೂ ಎಳೆದುಕೊಂಡೆ. "ಪರ್ಚೇಸ್‌ನವರು ಬರ್ಕೊಳ್ಲಾ ಮೊದ್ಲು?"

"ಪರ್ಚೇಸ್‌ನವರದ್ದೆಲ್ಲ ಪ್ರಿಂಟ್ ತೆಗೆದು ಫೈಲಿಗೆ ಹಾಕಿ ಅಳಿಸಿಬಿಡ್ತಿದ್ದೆ."

"ಮತ್ತೆ ಸಾಹೇಬರದ್ದು?"

"ಅದೂ ಅಷ್ಟೇ."

"ಮತ್ತೆ ನಾನೂರು ಕಾಗದ ಯಾರದ್ದಪ್ಪ?"

ಪೊರಕೆಯ ಕಡ್ಡಿಯೊಂದನ್ನು ಕಿತ್ತು ಮುರಿಯುತ್ತಾ ಕೂತಿದ್ದ. "ಯಾರನ್ನೂ ಕೇಳೋದು ಬೇಡ ಬಿಡು. ನಿನ್ನವೇ."

ನನಗೆ ಅರ್ಥವಾಗಲಿಲ್ಲ. "ನಾನೆಲ್ಲಿ ಬರೆದೆ ನಿನಗೆ?"

"ಬರೀತಿದ್ದೆಯಲ್ಲ. ಒಂದರಿಂದ ಎರಡರ ತನಕ ಸರ್ವರ್ ಬಂದ್ ಇರುತ್ತೆ ಅಂತ. ಪಾಸ್‌ವರ್ಡ್ ಬದಲಾಯಿಸ್ಕೊಳ್ಳಿ ಅಂತ. ಗಣಪತಿ ಹಬ್ಬಕ್ಕೆ ರಜ, ಹಿಂದಿನ ದಿನವೇ ಮೇಲ್ ಕಳಿಸಿ ಮುಗಿಸಿ ಅಂತ."

"ಅಯ್ಯೋ, ಅದು ಎಲ್ಲರಿಗೂ ಕಳಿಸಿದ್ದಲ್ವಾ ಅಪ್ಪಾ."

"ನನಗೂ ಬಂದಿತ್ತಲ್ಲ," ಅಂದ.

ನಾನು ಪೆನ್ನು ಕೆಳಗಿಟ್ಟೆ. ಹಾಳಾದ ಆ ಸುತ್ತೋಲೆಗಳನ್ನು ನಾನು ಒಂದು ದಿನವೂ ಮನಸ್ಸಿಟ್ಟು ಬರೆದವಳಲ್ಲ. ಹಿಂದಿನ ವಾರದ್ದನ್ನೇ ತೆಗೆದು ತಾರೀಖು ತಿದ್ದಿ ಕಳಿಸುತ್ತಿದ್ದೆ. ಅದನ್ನು ಈ ಮನುಷ್ಯ ಒಂದೊಂದಾಗಿ ಓದಿ, ಎತ್ತಿಟ್ಟುಕೊಂಡು, ಮುಖ್ಯವಾದ ಕಾಗದಪತ್ರ ಅನ್ನುತ್ತಾ ಕೂತಿದ್ದ. ಕೌಂಟರಿನ ಮೇಲೆ ಮೊಣಕೈ ಊರಿ ಗೊಳೋ ಎಂದು ಅತ್ತೆ. ಮದುವೆಯ ದಿನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ ನನಗೆ.

"ಏಯ್, ಹಬ್ಬದ ದಿನ ಅಳ್ತಾರೇನೆ?" ಅಪ್ಪ ಎದ್ದು ಬಂದು ನನ್ನ ಬೆನ್ನಿನ ಹಿಂದೆ ನಿಂತ. ಮುಟ್ಟಲೋ ಬೇಡವೋ ಅಂತ ಅವನ ಕೈ ಅನುಮಾನಿಸುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ಕೊನೆಗೆ ತಲೆಯ ಮೇಲೆ ಇಟ್ಟ.

"ನನ್ನ ಹತ್ರ ಎಲ್ಲದರ ಕಾಪಿ ಇದೆ. ನಾಳಿದ್ದೇ ಮತ್ತೆ ಕಳಿಸ್ತೀನಿ," ಅಂದೆ ಮೂಗು ಒರೆಸಿಕೊಳ್ಳುತ್ತಾ.

"ಅದ್ಯಾಕೆ, ಮತ್ತೆ ಡಿಸೆಂಬರಲ್ಲಿ ಅಳಿಸೋದಕ್ಕಾ?" ಅಂದ. "ರಿಟೈರ್ ಆಗೋದಕ್ಕೆ ನನಗೇನೂ ಬೇಜಾರಿರಲಿಲ್ಲ ಕಣೆ. ಆಮೇಲೆ ನೀನು ಹೇಗಿದ್ದೀಯೋ, ಆಫೀಸಿಗೆ ಸರಿಯಾಗಿ ಮುಟ್ಟಿದೆಯೋ ಅಂತ ಯಾರ ಹತ್ರ ಕೇಳೋದು, ಏನು ನೆಪ ಹೇಳೋದು ಅಂತಲೇ ಯೋಚನೆ ಆಗಿತ್ತು. ನಿಮ್ಮಮ್ಮನ್ನ ಕೇಳಿದ್ರೆ ಮೈಮೇಲೆ ಬರ್ತಾಳೆ" ಅಂದ.

"ನಾನು ಅವತ್ತು ಆಡಬಾರದ ಮಾತು ಆಡಿದೆ ಅಪ್ಪ."

"ನಾನೇನು ಕಮ್ಮಿ ಆಡಿದ್ನಾ?"

ಆಮೇಲೆ ಅವನು ಪೊರಕೆಯನ್ನು ಮೂಲೆಗೆ ಒರಗಿಸಿದ. ಕಿಟಕಿಗಳನ್ನು ಮುಚ್ಚಿದ. ಬೀಗದ ಕೈಗಳ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮನೇಲಿ ಇನ್ನೂ ಎಲೆ ಹಾಕಿರಲ್ಲ. ನಡಿ, ಮುಖ ತೊಳ್ಕೊಂಡು ಬಾ" ಅಂದ. ನಾನು ಕದಲಲಿಲ್ಲ. ಗಂಡನನ್ನು ಬಿಟ್ಟು ಒಬ್ಬಳೇ ಹೋಗಿ ಆ ಮನೆಯಲ್ಲಿ ಉಂಡು ಬರಲು ನನ್ನಿಂದ ಆಗುತ್ತಿರಲಿಲ್ಲ. ಹಾಗಂತ ಹೇಳಿ, ಆಗತಾನೇ ಸಿಕ್ಕಿದ್ದನ್ನು ಮತ್ತೆ ಕಳೆದುಕೊಳ್ಳುವ ಧೈರ್ಯವೂ ಇರಲಿಲ್ಲ. ಅಪ್ಪ ನನ್ನ ಮುಖ ನೋಡಿದ. ಕೌಂಟರಿನ ಮೇಲಿದ್ದ ಫೋನನ್ನು ನನ್ನ ಕಡೆಗೆ ನೂಕಿದ.

"ಮನೇಲೇ ಇದಾರಾ ಅವರು?"

"ಹೂಂ. ಸ್ಕೂಲಿಗೆ ರಜ. ಕೆಳಗಿನ ಮನೇಲಿ ಫೋನಿದೆ, ಹೇಳಿದ್ರೆ ಕರೀತಾರೆ."

"ಮಾಡು ಮತ್ತೆ."

ಡಯಲ್ ತಿರುಗಿಸಿದೆ. ಕೆಳಗಿನ ಮನೆಯವರು ಜಗುಲಿಗೆ ಹೋಗಿ ಮೇಲಕ್ಕೆ ಕೂಗಿದ್ದು, ಇವರು ದಡದಡ ಮೆಟ್ಟಿಲಿಳಿದದ್ದು ಎಲ್ಲ ಕೇಳಿಸಿತು. "ಹಲೋ? ಕಾಯ್ ಝಾಲಂ?" ಅಂದರು, ಗಾಬರಿಯಲ್ಲಿ. ಏನಾಯಿತು ಅಂತ ಕೇಳುತ್ತಿದ್ದಾರೆ, ಎಲ್ಲಿಂದ ಶುರುಮಾಡಲಿ ಅಂತ ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಕೈ ಚಾಚಿ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡು, ಗೋಡೌನಿನ ಹಮಾಲರ ಹತ್ತಿರ ಕಲಿತ ತನ್ನ ಒರಟು ಮರಾಠಿಯಲ್ಲಿ, ತಾನು ಯಾರು ಅಂತಲೂ ಹೇಳದೆ, "ಜೇವಾಯ್‌ಲಾ ಯಾ" ಅಂದ. ಊಟಕ್ಕೆ ಬನ್ನಿ. ಆ ಕಡೆ ಇವರು ಏನಂದರೋ ನನಗೆ ಕೇಳಿಸಲಿಲ್ಲ. ಅಪ್ಪ ಫೋನಿಗೇ ತಲೆಯಾಡಿಸುತ್ತಾ, "ಹೋ, ಹೋ, ಆಜಚ್. ಆಮ್ಹೀ ಥಾಂಬತೋ" ಅಂದ. ಇವತ್ತೇ, ನಾವು ಕಾಯ್ತೀವಿ.